ತಪ್ಪು ತಿಳಿದುಕೊಂಡ ಹೋಟೆಲ್ ಮಾಲೀಕ: ಈ ಎಪಿಸೋಡನ್ನು ನಮ್ಮೂರಿಗೆ ತರೋದು ಹೇಗೆ?

ಗಲ್ಲಾಪೆಟ್ಟಿಗೆ, ತುಮಕೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲಿದೆ. ಕೆಳಗೆ 8 ಟೇಬಲ್, ಮೇಲೆ ಒಂದು ಹಾಲ್. ಬೆಳಿಗ್ಗೆ ಆರೂವರೆಯಿಂದ ಹನ್ನೊಂದರವರೆಗೆ ಗಲ್ಲಾದಲ್ಲಿ ನಾನು ಕೂರುತ್ತೇನೆ, ಆಮೇಲೆ ಅಪ್ಪ. ಈ ಸಲ ನಮ್ಮ ಬೀದಿಯ ರಾಜ್ಯೋತ್ಸವಕ್ಕೆ 25 ನಿಮಿಷದ ಒಂದು ನಾಟಕ ಬರೆದು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಆರ್ಕೆಸ್ಟ್ರಾ ಬೇಡ, ನಾಟಕವೇ ಆಗಲಿ ಅಂತ ಹಟ ಹಿಡಿದವಳು ನಾನೇ. ಹಾಗಾಗಿ ಚೆನ್ನಾಗಿ ಆಗಲೇಬೇಕು.

ನಾನು ಹಿಡಿದುಕೊಂಡಿರುವುದು 'ಫಾಲ್ಟಿ ಟವರ್ಸ್' ಅನ್ನುವ ಇಂಗ್ಲಿಷ್ ಕಾಮಿಡಿ ಸೀರಿಯಲ್ಲಿನ ಒಂದು ಎಪಿಸೋಡ್. ಬಿಬಿಸಿಯದು. 1975ರಲ್ಲಿ 6, 1979ರಲ್ಲಿ 6, ಒಟ್ಟು 12 ಎಪಿಸೋಡ್ ಅಷ್ಟೇ. ಬರೆದವರು ಜಾನ್ ಕ್ಲೀಸ್ ಮತ್ತು ಕಾನಿ ಬೂತ್. ಇಬ್ಬರೂ ಅದರಲ್ಲಿ ಪಾರ್ಟ್ ಮಾಡಿದ್ದಾರೆ. ನಾನು ಹೇಳುತ್ತಿರುವುದು ಮೊದಲ ಸೀಸನ್ನಿನ ನಾಲ್ಕನೆಯದು, ಹೋಟೆಲ್ ಇನ್ಸ್‌ಪೆಕ್ಟರುಗಳ ಕಥೆ.

ನೋಡದವರಿಗಾಗಿ ಹೇಳುತ್ತೇನೆ. ಟಾರ್ಕಿ ಅನ್ನುವ ಸಮುದ್ರದ ದಂಡೆಯ ಊರು. ಅಲ್ಲಿ ಬೇಸಿಲ್ ಹೋಟೆಲ್ ನಡೆಸುತ್ತಾನೆ, ಜೊತೆಗೆ ಹೆಂಡತಿ ಸಿಬಿಲ್. ಗಿರಾಕಿ ಏನಾದರೂ ಕೇಳಿದರೆ ಬೇಸಿಲ್‌ಗೆ ಮೈ ಉರಿಯುತ್ತದೆ. ಹಚಿನ್ಸನ್ ಅನ್ನುವ ಗಿರಾಕಿ ಬಂದು ಅದು ಬೇಕು, ಇದು ಬೇಕು, ಟ್ಯಾಕ್ಸಿ ಬೇಕು ಅಂತ ಪ್ರಾಣ ತಿನ್ನುತ್ತಾನೆ. ಬೇಸಿಲ್ ಅವನ ಮೇಲೆ ಹರಿಹಾಯುತ್ತಾನೆ. ಅಷ್ಟರಲ್ಲಿ ಊರಿಗೆ ಹೋಟೆಲ್ ಇನ್ಸ್‌ಪೆಕ್ಟರುಗಳು ಬಂದಿದ್ದಾರೆ ಅನ್ನುವ ಸುದ್ದಿ ಕಿವಿಗೆ ಬೀಳುತ್ತದೆ. ಅಯ್ಯೋ, ಇವನೇ ಇರಬೇಕು ಅಂದುಕೊಂಡು ಬೇಸಿಲ್ ಅವನ ಕಾಲಿಗೆ ಬೀಳುವುದೊಂದೇ ಬಾಕಿ. ಕಡೆಗೆ ನೋಡಿದರೆ ಹಚಿನ್ಸನ್ ಚಮಚ ಮಾರುವವನು. ಕೂಡಲೇ ಬೇಸಿಲ್ ಇನ್ನೊಬ್ಬ ಗಿರಾಕಿ ವಾಲ್ಟ್ ಮೇಲೆ ಕಣ್ಣಿಡುತ್ತಾನೆ. ಅವನು ದೋಣಿಯ ಮೋಟಾರಿನ ವ್ಯಾಪಾರದವನು. ಇಬ್ಬರೂ ಅಲ್ಲ ಅಂತ ಗೊತ್ತಾದ ಖುಷಿಗೆ ಹಚಿನ್ಸನ್ ಮುಖಕ್ಕೆ ಕಡುಬು ಮೆತ್ತುತ್ತಾನೆ, ಅವನ ಬ್ರೀಫ್‌ಕೇಸಿನ ತುಂಬ ಕ್ರೀಮ್ ಸುರಿಯುತ್ತಾನೆ. ನಿಜವಾದ ಇನ್ಸ್‌ಪೆಕ್ಟರುಗಳು ಮೂವರೂ ಅಲ್ಲೇ ಕೌಂಟರಿನ ಹತ್ತಿರ ನಿಂತಿರುತ್ತಾರೆ.

ಇದನ್ನು ನೋಡಿದಾಗ ನಮ್ಮ ಹೋಟೆಲಿನಲ್ಲಿ ನಡೆದದ್ದೇ ನೆನಪಾಯಿತು. ಆಗ ನಾನು ಪಿಯುಸಿ ಓದುತ್ತಿದ್ದೆ. ಬೆಳಿಗ್ಗೆ ಪಕ್ಕದ ಬೇಕರಿಯವರು ಓಡಿ ಬಂದು, "ಇವತ್ತು ಫುಡ್ ಇನ್ಸ್‌ಪೆಕ್ಟರ್ ಮಫ್ತಿಯಲ್ಲಿ ಬರ್ತಾರಂತೆ" ಅಂದರು. ಒಂಬತ್ತು ಗಂಟೆಗೆ ಒಬ್ಬರು ಬಂದರು. ತುಂಬುತೋಳಿನ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಸಣ್ಣ ಡೈರಿ. ಕೂರಲಿಲ್ಲ. ಬಾಗಿಲಲ್ಲೇ ನಿಂತು ಟೇಬಲ್ ಎಣಿಸಿದರು. ಗೋಡೆ ಮುಟ್ಟಿ ನೋಡಿದರು. "ನೀರು ಬೋರಿಂದಾ, ನಲ್ಲೀದಾ?" ಅಂದರು. ಬರೆದುಕೊಂಡರು. "ಅಡುಗೆ ಎಲ್ಲಿ ಮಾಡ್ತೀರಿ?" ಅಂದರು. ಅದನ್ನೂ ಬರೆದುಕೊಂಡರು. ಅಪ್ಪ ಮೂಲೆ ಟೇಬಲನ್ನು ಎರಡು ಸಲ ಒರೆಸಿಸಿ ಅವರನ್ನು ಕೂರಿಸಿದರು. ತುಪ್ಪದ ದೋಸೆ ಹಾಕಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಅವರು, "ಮೇಲೆ ಏನಿದೆ?" ಅಂತ ಕೇಳಿದರು. ಮೇಲಿನ ಹಾಲಿನಲ್ಲಿ ಹಳೇ ಒಲೆ, ಈರುಳ್ಳಿ ಮೂಟೆ ಎಲ್ಲ ಹಾಕಿದ್ದೆವು. ಅಪ್ಪ ಹೆದರಿ, "ಏನೂ ಇಲ್ಲ ಸಾರ್, ಬೀಗ ಹಾಕಿದೆ, ಉಪಯೋಗ ಮಾಡಲ್ಲ" ಅಂದುಬಿಟ್ಟರು. ಅವರು ಡೈರಿ ಮುಚ್ಚಿ ಹೊರಟರು.

ಆಮೇಲೆ ಗೊತ್ತಾಯಿತು. ಮೊಮ್ಮಗನ ನಾಮಕರಣಕ್ಕೆ 80 ಜನಕ್ಕೆ ಊಟ ಹಾಕಿಸಲು ಹಾಲ್ ನೋಡಿಕೊಂಡು ಹೋಗಲು ಬಂದಿದ್ದವರು ಅವರು.

ಅಪ್ಪ ಇದನ್ನು ನಗುತ್ತಾ ಎಷ್ಟೋ ಜನಕ್ಕೆ ಹೇಳಿದ್ದಾರೆ. ಆದರೆ ಒಂದು ವಿಷಯ ಬಿಟ್ಟು ಹೇಳುತ್ತಾರೆ. ಆ ಮೂಲೆ ಟೇಬಲ್ಲು ಮಂಡಿಪೇಟೆಯಿಂದ ದಿನಾ ಬರುತ್ತಿದ್ದ ಒಬ್ಬ ಹಮಾಲಿ ಅಜ್ಜನದು. ಅವತ್ತು ಅವರೂ ಬಂದಿದ್ದರು. ಕೂರಲು ಜಾಗ ಕೊಡಲಿಲ್ಲ. ಯಾರೂ ಏನು ಬೇಕು ಅಂತಲೂ ಕೇಳಲಿಲ್ಲ. ಸ್ವಲ್ಪ ಹೊತ್ತು ಬಾಗಿಲ ಹತ್ತಿರ ನಿಂತಿದ್ದು ಹೊರಟುಹೋದರು. ನಾನು ನೋಡುತ್ತಿದ್ದೆ.

ನನ್ನ ಪ್ರಶ್ನೆ ಇಷ್ಟು. ಒಂದು, ಜನ ನಂಬುವ ಹಾಗೆ ಈ ತಪ್ಪು ತಿಳಿವಳಿಕೆಯನ್ನು ಕಟ್ಟೋದು ಹೇಗೆ? ನಾನು ಬರೆದದ್ದನ್ನು ಓದಿದರೆ, ಮಾಲೀಕ ಬರೀ ದಡ್ಡ ಅನ್ನಿಸುತ್ತಾನೆ. ಎರಡು, ಅಜ್ಜನನ್ನು ನಾಟಕದಲ್ಲಿ ತರಬೇಕು ಅಂತ ನನಗೆ ತುಂಬ ಆಸೆ. ಆದರೆ ನಗುವ ನಾಟಕದಲ್ಲಿ ಅವರು ಬಂದರೆ ಕೆಡುತ್ತದಾ?

ಹಳೇ ಪ್ರಾಂಪ್ಟರ್, ಗುಬ್ಬಿ

ನೋಡಮ್ಮ, ಮೂವತ್ತು ವರ್ಷ ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತವನು ನಾನು. ನಮ್ಮೂರು ಗುಬ್ಬಿ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದು ಇಲ್ಲೇ. ವೀರಣ್ಣನವರು 'ಸದಾರಮೆ'ಯಲ್ಲಿ ಕಳ್ಳನ ಪಾರ್ಟು ಮಾಡುತ್ತಿದ್ದರೆ ಜನ ಬಿದ್ದು ಬಿದ್ದು ನಗುತ್ತಿದ್ದರಂತೆ, ನಮ್ಮ ತಾತ ಹೇಳುತ್ತಿದ್ದರು. ಇವನೇ ಕಳ್ಳ ಅಂತ ಸಭೆಗೆಲ್ಲ ಗೊತ್ತು. ಗೊತ್ತಿದ್ದೇ ನಗೋದು. ಈ ಮಾತು ಇಟ್ಟುಕೋ, ಆಮೇಲೆ ಬರುತ್ತೇನೆ.

ನಿನ್ನ ಪೋಸ್ಟ್ ಓದಿ ಆ ಎಪಿಸೋಡನ್ನು ಮೊಮ್ಮಗಳ ಹತ್ತಿರ ಹಾಕಿಸಿಕೊಂಡು ಎರಡು ಸಲ ನೋಡಿದೆ. ಎರಡನೇ ಸಲ ಕಾಗದ ಪೆನ್ನು ಇಟ್ಟುಕೊಂಡು ನೋಡಿದೆ. ಅವರು ಮಾಡಿರುವ ಒಂದು ಕೆಲಸ ನೋಡಿ ಕೈ ಮುಗಿಯೋಣ ಅನ್ನಿಸಿತು. ಸಿಬಿಲ್ ಇನ್ಸ್‌ಪೆಕ್ಟರ್ ಸುದ್ದಿ ಹೇಳುತ್ತಾಳಲ್ಲ, ಆಗ ಏನಂತಾಳೆ ಗಮನಿಸಿದೆಯಾ? ಒಂದು ಬಾರಿನಲ್ಲಿ ಮೂರು ಜನ ಕೂತು ತಾವು ನೋಡಿ ಬಂದ ಜಾಗಗಳ ಬಗ್ಗೆ ಮಾತಾಡುತ್ತಿದ್ದರಂತೆ ಅಂತಾಳೆ. ಮೂರು ಜನ! ಬೇಸಿಲ್ ಅದನ್ನು ಕೇಳಿಸಿಕೊಂಡೂ ಒಬ್ಬೊಬ್ಬನನ್ನೇ ಹುಡುಕುತ್ತಾ ಹೋಗುತ್ತಾನೆ. ನೋಡುವ ನಾವೂ ಮರೆತುಬಿಡುತ್ತೇವೆ. ಕಡೆಗೆ ಮೂವರು ಸೂಟು ಹಾಕಿಕೊಂಡು ಕೌಂಟರ್ ಮುಂದೆ ನಿಂತಾಗ, ಅಯ್ಯೋ ಮೊದಲೇ ಹೇಳಿದ್ದರಲ್ಲ ಅನ್ನಿಸುತ್ತದೆ. ನಿಜವನ್ನು ಮೊದಲನೇ ಸೀನಿನಲ್ಲೇ ಎಲ್ಲರ ಎದುರು ಇಟ್ಟು, ಅದರ ಮೇಲೆ ಗಲಾಟೆ ಹೊದಿಸಿದ್ದಾರೆ. ನೀನೂ ಅದನ್ನೇ ಮಾಡು. ಬೇಕರಿಯವನು ಬಂದು ಹೇಳುವ ಮಾತಿನಲ್ಲೇ ನಿಜದ ಒಂದು ತುಂಡು ಇರಲಿ.

ಇನ್ನು ದಡ್ಡತನದ ಪ್ರಶ್ನೆ. ಹಚಿನ್ಸನ್ ಒಂದು ಕಡೆ ತನ್ನ ಕೆಲಸದ ನಿಮಿತ್ತ ಹೋಟೆಲುಗಳ ಜೊತೆ ಸದಾ ಸಂಪರ್ಕ ಇರುತ್ತದೆ ಅನ್ನುವ ಅರ್ಥದ ಮಾತಾಡುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಚಮಚ ಮಾರುವವನು ಹೋಟೆಲಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತಾನೆ? ಆದರೆ ಹೆದರಿದವನ ಕಿವಿಗೆ ಅದು ಇನ್ಸ್‌ಪೆಕ್ಟರ್ ಮಾತೇ. ಒಂದೇ ಮಾತು ಎರಡು ಕಡೆಗೂ ಸರಿಹೋಗಬೇಕಮ್ಮ, ಆಗ ಮಾಲೀಕ ದಡ್ಡ ಅನ್ನಿಸೋದಿಲ್ಲ, ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ ಅನ್ನಿಸುತ್ತದೆ. ನಿಮ್ಮಪ್ಪನ ಕಥೆಯಲ್ಲೇ ಅದು ಚಿನ್ನದ ಹಾಗಿದೆ. "ನೀರು ಬೋರಿಂದಾ, ನಲ್ಲೀದಾ?" ನಾಮಕರಣದ ಮನೆಯವರೂ ಕೇಳುವ ಪ್ರಶ್ನೆ, ಇನ್ಸ್‌ಪೆಕ್ಟರೂ ಕೇಳುವ ಪ್ರಶ್ನೆ. ಒಂದಕ್ಷರ ಬದಲಾಯಿಸಬೇಡ.

ಈಗ ಸದಾರಮೆಯ ಕಳ್ಳನಿಗೆ ಬರೋಣ. ಸಭೆಗೆ ಯಾವಾಗ ಹೇಳುತ್ತೀಯ ಅನ್ನೋದನ್ನು ನೀನು ಮೊದಲೇ ತೀರ್ಮಾನ ಮಾಡಬೇಕು. ರಷ್ಯಾದ ಗೊಗೋಲ್ 1836ರಲ್ಲಿ ಆಡಿಸಿದ ಇನ್ಸ್‌ಪೆಕ್ಟರ್ ನಾಟಕ ಇದೆಯಲ್ಲ, ಇಂಥ ಕಥೆಗಳಿಗೆಲ್ಲ ಅದು ದೊಡ್ಡಣ್ಣ. ಅದರಲ್ಲಿ ಎರಡನೇ ಅಂಕ ಶುರುವಾಗುತ್ತಿದ್ದ ಹಾಗೆ, ಊರವರು ಇನ್ಸ್‌ಪೆಕ್ಟರ್ ಅಂದುಕೊಂಡಿರುವ ಆಸಾಮಿ ಬರೀ ಗುಮಾಸ್ತ, ಕೈಯಲ್ಲಿ ಕಾಸಿಲ್ಲ, ಹೊಟ್ಟೆ ಹಸಿದಿದೆ ಅಂತ ನಮಗೆ ಗೊತ್ತಾಗಿಬಿಡುತ್ತದೆ. ಊರಿನ ದೊಡ್ಡವರಿಗೆ ಗೊತ್ತಿಲ್ಲ. ಫಾಲ್ಟಿಯಲ್ಲಿ ಹಾಗಲ್ಲ, ಚಮಚದ ವಿಷಯ ನಮಗೆ ತಿಳಿಯೋದು ನಡುವಿನಲ್ಲಿ. ಬೀದಿ ನಾಟಕಕ್ಕೆ, ಮಕ್ಕಳು ಮರಿ ಎಲ್ಲ ಕೂತಿರುವ ಜಾಗಕ್ಕೆ, ಗೊಗೋಲ್ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ. ಮೈಕಿನಲ್ಲಿ ಅರ್ಧ ಮಾತು ಕೇಳುತ್ತದೆ, ಅರ್ಧ ಕೇಳೋದಿಲ್ಲ. ಸಭೆಗೆ ಮೊದಲೇ ಗೊತ್ತಿದ್ದರೆ ಕೇಳದ ಮಾತನ್ನೂ ಅವರೇ ತುಂಬಿಕೊಂಡು ನಗುತ್ತಾರೆ.

ಒಂದು ದೊಡ್ಡ ಕಾಗದ ತಗೋ. ಮೇಲೆ ಪಾತ್ರಗಳ ಹೆಸರು ಬರಿ. ಪಕ್ಕದಲ್ಲಿ ಸೀನ್ ನಂಬರು. ಪ್ರತಿ ಸೀನಿನಲ್ಲೂ ಯಾರಿಗೆ ಏನು ಗೊತ್ತು, ಯಾರು ಏನು ಅಂದುಕೊಂಡಿದ್ದಾರೆ ಅಂತ ಬರಿ. ಎಲ್ಲಾದರೂ ಇಬ್ಬರೂ ಒಂದೇ ಅಂದುಕೊಂಡಿದ್ದರೆ ಆ ಸೀನು ಸಪ್ಪೆ, ತೆಗೆದುಹಾಕು.

ಅಜ್ಜನ ವಿಷಯ ನಾನು ಯೋಚನೆ ಮಾಡಿ ಹೇಳುತ್ತೇನೆ.

ಮಂಡಿ ಲೆಕ್ಕ, ಕೋಲಾರ

ಅಕ್ಕ, ನಾನು ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯ ಲೆಕ್ಕ ಬರೆಯುವವನು. ಸೀಸನ್ನಿನಲ್ಲಿ ಮನೆಗೆ ಬಂದಾಗ ತಲೆಯೆಲ್ಲ ಬಾಕ್ಸ್ ಲೆಕ್ಕವೇ ತುಂಬಿರುತ್ತದೆ. ಒಂದು ಎಪಿಸೋಡ್ ಕಾಮಿಡಿ ನೋಡಿದರೇನೇ ನಿದ್ದೆ. ಈ ತರಹದ್ದು ನನಗೆ ಪ್ರಾಣ.

ಫಾಲ್ಟಿ ಟವರ್ಸ್ ಹುಟ್ಟಿದ್ದು ಹೇಗೆ ಗೊತ್ತಾ? 1970ರಲ್ಲಿ ಜಾನ್ ಕ್ಲೀಸ್ ಮತ್ತು ಅವರ ಮಾಂಟಿ ಪೈಥಾನ್ ಅನ್ನುವ ಕಾಮಿಡಿ ತಂಡ ಶೂಟಿಂಗಿಗೆ ಅಂತ ಟಾರ್ಕಿಗೆ ಹೋಗಿ ಗ್ಲೆನೀಗಲ್ಸ್ ಅನ್ನುವ ಹೋಟೆಲಿನಲ್ಲಿ ಇಳಿದಿತ್ತು. ತಂಡದ ಎರಿಕ್ ಐಡಲ್ ಬ್ರೀಫ್‌ಕೇಸಿನಲ್ಲಿ ಅಲಾರಂ ಗಡಿಯಾರ ಇತ್ತು. ಟಿಕ್ ಟಿಕ್ ಸದ್ದು ಕೇಳಿ ಮಾಲೀಕರು ಬಾಂಬ್ ಇರಬಹುದು ಅಂತ ಅದನ್ನು ಒಯ್ದು ತೋಟದ ಗೋಡೆಯ ಆಚೆ ಇಟ್ಟುಬಿಟ್ಟರಂತೆ! ಉಳಿದವರು ಬೇರೆ ಹೋಟೆಲಿಗೆ ಹೋದರೂ ಕ್ಲೀಸ್ ಅಲ್ಲೇ ಉಳಿದುಕೊಂಡು ಆ ಮನುಷ್ಯನನ್ನೇ ನೋಡುತ್ತಾ ಕೂತರು. ಅಂದರೆ ಇಡೀ ಸೀರಿಯಲ್ಲಿನ ಬೇರಿನಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ನೀವು ನಿಮ್ಮ ಅಪ್ಪನ ಕಥೆಯಿಂದ ಶುರು ಮಾಡುತ್ತಿರೋದು ನೂರಕ್ಕೆ ನೂರು ಸರಿ.

ನಾಟಕಕ್ಕೆ ಎರಡು ಸಲಹೆ.

ಚಮಚದ ಬದಲು ತಟ್ಟೆ ಮಾಡಿ. ನಿಮ್ಮದು ತಟ್ಟೆ ಇಡ್ಲಿಯ ಊರು, ಕ್ಯಾತಸಂದ್ರ ಪಕ್ಕದಲ್ಲೇ ಇದೆ. ಬರುವವನು ಇಡ್ಲಿ ತಟ್ಟೆಗಳ ವ್ಯಾಪಾರಿ. ಇಡ್ಲಿ ಬಂದ ಕೂಡಲೇ ತಿನ್ನೋದಿಲ್ಲ. ಮೊದಲು ತಟ್ಟೆ ಎತ್ತಿ ತಿರುಗಿಸಿ ಅಡಿ ನೋಡುತ್ತಾನೆ. ಉಗುರಿನಿಂದ ಕೆರೆಯುತ್ತಾನೆ. ಬೆಳಕಿಗೆ ಹಿಡಿಯುತ್ತಾನೆ. "ನಾನು ದಿನಕ್ಕೆ ಇಪ್ಪತ್ತು ಹೋಟೆಲ್ ನೋಡ್ತೀನಿ ಸ್ವಾಮಿ, ತಟ್ಟೆ ನೋಡಿದ್ರೆ ಸಾಕು, ಹೋಟೆಲಿನ ಯೋಗ್ಯತೆ ಗೊತ್ತಾಗುತ್ತೆ" ಅಂತಾನೆ. ಗುಬ್ಬಿ ಯಜಮಾನರು ಹೇಳಿದ ಎರಡು ಕಡೆಗೂ ಸರಿಹೋಗುವ ಮಾತು ಇದೇ ಅಲ್ವಾ?

ಎರಡನೇದು, ವೈನಿನ ಸೀನು. ಆ ಎಪಿಸೋಡಿನಲ್ಲಿ ವಾಲ್ಟ್ ವೈನ್ ಕೆಟ್ಟಿದೆ ಅಂತ ಹೇಳಲು ಅವರ ಭಾಷೆಯಲ್ಲಿ ಬಿರಡೆಗೆ ಸಂಬಂಧಪಟ್ಟ ಒಂದು ಮಾತು ಬಳಸುತ್ತಾನೆ. ಬಿರಡೆಯಿಂದ ರುಚಿ ಕೆಟ್ಟಿದೆ ಅಂತ ಅದರ ಅರ್ಥ. ಬೇಸಿಲ್, ಬಿರಡೆ ಇನ್ನೂ ಬಾಟಲಿಯಲ್ಲೇ ಇದೆ ಅಂತ ಇವನು ಹೇಳುತ್ತಿದ್ದಾನೆ ಅಂದುಕೊಂಡು, ಈಗ ತಾನೇ ನಿಮ್ಮೆದುರೇ ತೆಗೆದೆನಲ್ಲ ಅಂತಾನೆ. ಇದನ್ನು ಕನ್ನಡಕ್ಕೆ ತರಲು ಹೋದರೆ ಸತ್ತೇ ಹೋಗುತ್ತದೆ. ಆದರೆ ನಮ್ಮ ಹತ್ತಿರ ಅದಕ್ಕಿಂತ ಚೆನ್ನಾಗಿರೋದು ಇದೆ:

ಗಿರಾಕಿ: "ಏನ್ರೀ, ಹುಳಿ ಹುಳಿಯಾಗಿದೆ."
ಮಾಲೀಕ: "ಹುಳಿ ಹುಳಿಯಾಗದೆ ಪಾಯಸ ಆಗುತ್ತಾ ಸ್ವಾಮಿ?"
ಗಿರಾಕಿ: "ಅಲ್ರೀ, ಹುಳಿ ಹುಳಿಯಾಗಿಬಿಟ್ಟಿದೆ!"
ಮಾಲೀಕ: "ಬೆಳಿಗ್ಗೆ ಸಾರು ಮಾಡಿದ್ವಿ, ಈಗ ಹುಳೀನೇ ಮಾಡಿರೋದು. ನಿಮಗೆ ಸಾರು ಬೇಕಿತ್ತಾ?"

ನಮ್ಮ ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಒಲೆ ಸಣ್ಣ ಮಾಡಿ ಬಂದು ಇನ್ನೊಂದು ಸಲ ಓದು ಅಂದರು.

ಮತ್ತೆ, ಬೇಡವೆಂದ ಆಮ್ಲೆಟ್ಟು ಮತ್ತೆ ಮತ್ತೆ ಹಚಿನ್ಸನ್ ಮುಂದೆ ಬಂದು ಕೂರುತ್ತದಲ್ಲ, ಅದನ್ನು ಬಿಡಬೇಡಿ. ತಟ್ಟೆ ವ್ಯಾಪಾರಿಗೆ ಇಡ್ಲಿ ಬೇಡ, ಬರೀ ತಟ್ಟೆ ನೋಡಬೇಕು. ಆದರೆ ತಟ್ಟೆ ಖಾಲಿಯಾದ ಹಾಗೆಲ್ಲ ಮಾಣಿ ಇನ್ನೊಂದು ಇಡ್ಲಿ ತಂದು ಹಾಕುತ್ತಾನೆ. ಅಲ್ಲಿ ಆ ಕೆಲಸ ಮಾಡುವವನು ಮ್ಯಾನ್ಯುಯೆಲ್, ಸ್ಪೇನಿನ ಬಾರ್ಸಿಲೋನಾದಿಂದ ಬಂದವನು, ಇಂಗ್ಲಿಷ್ ಅರ್ಧಂಬರ್ಧ. ನಿಮ್ಮ ಮಾಣಿಯನ್ನು ಬೇರೆ ರಾಜ್ಯದ ಹುಡುಗನನ್ನಾಗಿ ಮಾಡಿ ಅವನ ಕನ್ನಡ ಕೇಳಿ ನಗಿಸೋದು ಮಾತ್ರ ನನಗೆ ಇಷ್ಟವಿಲ್ಲ. ನಮ್ಮ ಮಂಡಿಯಲ್ಲಿ ಅಂಥ ಹುಡುಗರು ಕೆಲಸ ಮಾಡುತ್ತಾರೆ. ಎಷ್ಟು ಕಷ್ಟಪಟ್ಟು ಕನ್ನಡ ಕಲಿಯುತ್ತಾರೆ ಅಂತ ನೋಡಿದ್ದೇನೆ. ಮಾಣಿಗೆ ಜ್ವರದಿಂದ ಕಿವಿ ಗುಂಯ್ ಅನ್ನುತ್ತಿದೆ ಅಂತ ಮಾಡಿ, ಸಾಕು. 'ಫ್ರೇಜಿಯರ್' ಅನ್ನುವ ಅಮೆರಿಕದ ಸೀರಿಯಲ್ಲಿನಲ್ಲಿ 1998ರ ಒಂದು ಎಪಿಸೋಡ್ ಇದೆ, ಹಿಮದ ಬೆಟ್ಟದ ಮೇಲಿನ ಮನೆಯ ಕಥೆ. ಅದರಲ್ಲಿ ಅಪ್ಪನಿಗೆ ಕಿವಿ ಕಟ್ಟಿರುತ್ತದೆ. ಯಾರು ಯಾರನ್ನು ಇಷ್ಟಪಡುತ್ತಾರೆ ಅಂತ ಎಲ್ಲರೂ ತಪ್ಪು ತಿಳಿದು ರಾತ್ರಿಯಿಡೀ ಒಬ್ಬರ ಬಾಗಿಲಿಂದ ಇನ್ನೊಬ್ಬರ ಬಾಗಿಲಿಗೆ ಓಡಾಡುತ್ತಾರೆ. ಪುರುಸೊತ್ತಾದರೆ ನೋಡಿ.

ಗಲ್ಲಾಪೆಟ್ಟಿಗೆ, ತುಮಕೂರು

ಯಜಮಾನರೇ, ತಮ್ಮಾ, ಇಬ್ಬರಿಗೂ ತುಂಬ ಥ್ಯಾಂಕ್ಸ್. ಕಾಗದದ ಮೇಲೆ ಬರೆದೆ. ಮೂರನೇ ಸೀನು ಯಾಕೆ ಎಳೆಯುತ್ತಿತ್ತು ಅಂತ ಕೂಡಲೇ ಗೊತ್ತಾಯಿತು. ಅಲ್ಲಿ ಮಾಲೀಕನಿಗೂ ಮಾಣಿಗೂ ಒಂದೇ ಅನುಮಾನ. ಈಗ ಮಾಣಿ ಆ ವ್ಯಾಪಾರಿಯನ್ನು ಮಾಲೀಕನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಅಂದುಕೊಂಡಿದ್ದಾನೆ. ಮಾಲೀಕ "ಅವರನ್ನ ಚೆನ್ನಾಗಿ ನೋಡ್ಕೊ, ನಮ್ಮ ಮಾನ ಅವರ ಕೈಯಲ್ಲಿದೆ" ಅಂದರೆ ಇಬ್ಬರಿಗೂ ಸರಿಹೋಗುತ್ತದೆ.

ತಟ್ಟೆ ಮತ್ತು ಹುಳಿ ಎರಡನ್ನೂ ತೆಗೆದುಕೊಂಡೆ. ಮಾಣಿಗೆ ಕಿವಿಯ ತೊಂದರೆ, ಅದೂ ಸರಿ.

ಸ್ಯಾಂಪಲ್ ಬಾಟಲಿ, ಚಿಕ್ಕಬಳ್ಳಾಪುರ

ಮೇಡಂ, ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನಾಟಕ ಗೊತ್ತಿಲ್ಲ. ಆದರೆ ಇನ್ಸ್‌ಪೆಕ್ಟರ್ ಬಗ್ಗೆ ಜನರಲ್ಲಿ ಇರುವ ತಪ್ಪು ಕಲ್ಪನೆ ನಿಮ್ಮ ನಾಟಕದಲ್ಲೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಫುಡ್ ಇನ್ಸ್‌ಪೆಕ್ಟರ್ ಅನ್ನೋದು 1954ರ ಕಲಬೆರಕೆ ತಡೆ ಕಾಯ್ದೆಯ ಕಾಲದ ಹೆಸರು. 2006ರಲ್ಲಿ ಹೊಸ ಕಾಯ್ದೆ ಬಂತು, 2011ರ ಆಗಸ್ಟಿನಿಂದ ಜಾರಿಯಾಯಿತು. ಆಗಿನಿಂದ ಅವರು ಆಹಾರ ಸುರಕ್ಷತಾ ಅಧಿಕಾರಿ. ಹೋಟೆಲಿನವರು ಇವತ್ತಿಗೂ ಫುಡ್ ಇನ್ಸ್‌ಪೆಕ್ಟರ್ ಅಂತಲೇ ಕರೆಯುತ್ತಾರೆ, ಇರಲಿ.

ಟಾರ್ಕಿಯ ಆ ಇನ್ಸ್‌ಪೆಕ್ಟರುಗಳು ಬೇರೆ, ಇವರು ಬೇರೆ. ಅವರು ಗಿರಾಕಿಯ ಹಾಗೆ ಬಂದು ಹೋಟೆಲ್ ಹೇಗಿದೆ ಅಂತ ನೋಡುವವರು. ನಮ್ಮ ಅಧಿಕಾರಿ ಸುಮ್ನೆ ತಿಂದು ಹೋಗೋದಿಲ್ಲ. ಸ್ಯಾಂಪಲ್ ತೆಗೆಯಬೇಕಾದರೆ ತಾನು ಯಾರು ಅಂತ ಹೇಳಬೇಕು, ನೋಟಿಸ್ ಕೊಡಬೇಕು. ಸ್ಯಾಂಪಲನ್ನು ನಾಲ್ಕು ಭಾಗ ಮಾಡಿ ಸೀಲ್ ಮಾಡಬೇಕು. ಒಂದು ಭಾಗ ಪರೀಕ್ಷೆಗೆ ಲ್ಯಾಬಿಗೆ ಬರುತ್ತದೆ. ಬಂದ ಪೊಟ್ಟಣದ ಸೀಲು ಸರಿಯಿದೆಯಾ ಅಂತ ನೋಡೋದೇ ನಮ್ಮ ಮೊದಲ ಕೆಲಸ. ಅರಗಿನ ಮೇಲೆ ಮುದ್ರೆ, ಸುತ್ತ ಬಿಗಿದ ದಾರ, ಅಂಗಡಿಯವರ ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಪೊಟ್ಟಣದ ಕಾಗದದ ಮೇಲೆ. ಬಿಚ್ಚಿದರೆ ಗೊತ್ತಾಗಲಿ ಅಂತ.

ಇನ್ನೊಂದು ಮುಖ್ಯ ವಿಷಯ. ತೆಗೆದುಕೊಂಡ ಸ್ಯಾಂಪಲಿಗೆ ಅಧಿಕಾರಿ ದುಡ್ಡು ಕೊಡಬೇಕು. ಮಾರುವ ಬೆಲೆ ಎಷ್ಟೋ ಅಷ್ಟು. ಅಂದರೆ ಪುಕ್ಕಟೆ ದೋಸೆ ತಿಂದು ಹೋದವರು ಇನ್ಸ್‌ಪೆಕ್ಟರ್ ಇರಲಾರರು ಅಂತ ನಿಮ್ಮ ತಂದೆಯವರಿಗೆ ಅವತ್ತೇ ಅನ್ನಿಸಬೇಕಿತ್ತು. ತಪ್ಪು ತಿಳಿಯಬೇಡಿ, ಹೆದರಿದಾಗ ಯಾರಿಗೂ ಹೊಳೆಯೋದಿಲ್ಲ. ಇದನ್ನು ನಾಟಕದ ಕೊನೆಗೆ ಉಪಯೋಗಿಸಬಹುದು. ನಿಜವಾದ ಅಧಿಕಾರಿ ಬಂದು ಬೆಲೆ ಎಷ್ಟು ಅಂತ ಕೇಳಿ ದುಡ್ಡು ಎಣಿಸುತ್ತಾರೆ. ಮಾಲೀಕ, ದುಡ್ಡು ಕೊಡುತ್ತಿದ್ದಾನೆ ಅಂದ ಮೇಲೆ ಇವನು ಇನ್ಸ್‌ಪೆಕ್ಟರ್ ಅಲ್ಲವೇ ಅಲ್ಲ ಅಂತ ಧೈರ್ಯವಾಗಿ ಬೈದುಬಿಡುತ್ತಾನೆ.

ಲೈಸೆನ್ಸಿನ ಪ್ರತಿ ಗಿರಾಕಿಗಳಿಗೆ ಕಾಣುವ ಹಾಗೆ ಗೋಡೆಗೆ ಹಾಕಿರಬೇಕು. ಸ್ಟೇಜಿನ ಮೇಲೂ ಒಂದು ಫ್ರೇಮ್ ಹಾಕಿ.

ಹಳೇ ಪ್ರಾಂಪ್ಟರ್, ಗುಬ್ಬಿ

ಚಿಕ್ಕಬಳ್ಳಾಪುರದ ಸಾಹೇಬರೇ, ನಾಟಕ ಗೊತ್ತಿಲ್ಲ ಅಂತೀರಿ, ಕೊನೆಯ ಸೀನನ್ನೇ ಕೊಟ್ಟುಬಿಟ್ಟಿರಲ್ಲ! ನಾನು ಅದನ್ನು ಹೇಳಬೇಕು ಅಂತ ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೆ.

ಅಮ್ಮಾ, ಬೇಕರಿಯವನ ಮೊದಲ ಮಾತಿನಲ್ಲೇ "ಅವರು ದುಡ್ಡು ಕೊಟ್ಟೇ ತಗೋತಾರಂತೆ" ಅಂತ ಸೇರಿಸಿಬಿಡು. ಯಾರೂ ಗಮನಿಸೋದಿಲ್ಲ. ಕೊನೆಗೆ ಎಲ್ಲರಿಗೂ ನೆನಪಾಗುತ್ತದೆ.

ಕ್ಯಾತಸಂದ್ರ ಗೇಟ್

ಅಕ್ಕ, ನನ್ನದೊಂದು ಐಡಿಯಾ. ಆ ಹಮಾಲಿ ಅಜ್ಜನನ್ನೇ ಕೊನೆಗೆ ನಿಜವಾದ ಇನ್ಸ್‌ಪೆಕ್ಟರ್ ಮಾಡಿಬಿಡಿ. ವೇಷ ಹಾಕಿಕೊಂಡು ಬಂದಿದ್ದರು ಅಂತ. ತಲೆ ಮೇಲಿನ ಟವೆಲ್ ತೆಗೆದು ಐಡಿ ಕಾರ್ಡ್ ತೋರಿಸಿದರೆ ಚಪ್ಪಾಳೆ ಗ್ಯಾರಂಟಿ. ಮಾಲೀಕನಿಗೂ ಬುದ್ಧಿ ಬರುತ್ತದೆ.

ಗಲ್ಲಾಪೆಟ್ಟಿಗೆ, ತುಮಕೂರು

ಕ್ಯಾತಸಂದ್ರದವರೇ, ಚಪ್ಪಾಳೆ ಬೀಳುತ್ತದೆ, ನನಗೂ ಗೊತ್ತು. ಎರಡು ದಿನ ಅದನ್ನೇ ಯೋಚನೆ ಮಾಡಿದೆ. ಬೇಡ ಅನ್ನಿಸಿತು. ಅಜ್ಜ ದೊಡ್ಡ ಅಧಿಕಾರಿ ಅಂತ ಗೊತ್ತಾದ ಮೇಲೆ ಮಾಲೀಕ ಕೈ ಮುಗಿದರೆ, ಅವನು ಮೊದಲಿನ ಹಾಗೇ ಇದ್ದಾನೆ ಅಂತ ಆಯಿತಲ್ಲ. ಅಜ್ಜ ಹಮಾಲಿಯೇ ಆಗಿರಬೇಕು. ಹಸಿದು ಬಂದವರು, ಅಷ್ಟೇ.

ನಿನ್ನೆ ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಪೂರ್ತಿ ನಾಟಕವನ್ನು ಅಪ್ಪನಿಗೆ ಓದಿದೆ. ಓದುವ ಮೊದಲು ನನಗೆ ಭಯವಿತ್ತು, ಯಾಕೆಂದರೆ ಮಾಲೀಕ ಅವರೇ. ಗಲ್ಲಾದ ಮೇಲೆ ಕಾಲು ಮಡಚಿ ಕೂತು ಕೇಳಿದರು. ತಟ್ಟೆ ತಿರುಗಿಸಿ ನೋಡುವ ಜಾಗಕ್ಕೆ ನಕ್ಕರು. ಹುಳಿಯ ಸೀನಿಗೆ ಎಷ್ಟು ನಕ್ಕರು ಅಂದರೆ ಅಡುಗೆ ಭಟ್ಟರು ಒಳಗಿನಿಂದ ಎದ್ದು ಬಂದರು. ದುಡ್ಡು ಎಣಿಸುವ ಇನ್ಸ್‌ಪೆಕ್ಟರಿಗೆ ಬೈಯುವ ಸೀನಿನಲ್ಲಿ, "ನಾನೂ ಹೀಗೇ ಬೈತಿದ್ದೆ ಕಣಮ್ಮ" ಅಂದರು.

ಅಜ್ಜನನ್ನು ನಾನು ಹೀಗೆ ತಂದಿದ್ದೇನೆ. ಮೊದಲನೇ ಸೀನಿನಲ್ಲಿ ಬಂದು "ಒಂದು ತಟ್ಟೆ ಇಡ್ಲಿ" ಅಂತಾರೆ. ಯಾರಿಗೂ ಕೇಳಿಸೋದಿಲ್ಲ. ಎರಡನೇ ಸೀನಿನಲ್ಲಿ ಬಾಗಿಲ ಹತ್ತಿರ ನಿಂತು ಅದೇ ಮಾತು. ಮೂರನೇ ಸೀನಿನಲ್ಲೂ ಅದೇ. ವ್ಯಾಪಾರಿಯ ಮುಂದೆ ಬೇಡವಾದ ಇಡ್ಲಿ ಒಂದರ ಮೇಲೊಂದು ಬರುತ್ತಲೇ ಇರುತ್ತದೆ. ಜನ ಎರಡು ಸಲ ನಗುತ್ತಾರೆ ಅಂದುಕೊ‌ಂಡಿದ್ದೇನೆ. ಮೂರನೇ ಸಲ ನಗೋದಿಲ್ಲ. ಯಜಮಾನರೇ, ಇದು ಸರಿಯಾ ಅಂತ ನೀವೇ ಹೇಳಬೇಕು.

ಓದಿ ಮುಗಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಚಿಲ್ಲರೆ ಜೋಡಿಸುತ್ತಾ ಕೂತರು. ಆಮೇಲೆ, "ಅವರು ಮಾರನೇ ದಿನ ಬಂದಿದ್ರು. ಏನೂ ಅನ್ಲಿಲ್ಲ. ನಾನು ಹೋಗಿ ಟೇಬಲ್ ಒರೆಸಿದೆ" ಅಂದರು. ಇಷ್ಟು ವರ್ಷದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ. ಅವತ್ತು ನಾನು ಕಾಲೇಜಿಗೆ ಹೋಗಿದ್ದೆ.

ಕೊನೆಯ ಸೀನು ಸ್ವಲ್ಪ ಬದಲಾಯಿಸಿದೆ. ಇನ್ಸ್‌ಪೆಕ್ಟರ್ ಹೋದ ಮೇಲೆ ಮಾಲೀಕ ಒಬ್ಬನೇ ಇರುತ್ತಾನೆ. ಅಜ್ಜ ಬರುತ್ತಾರೆ. ಮಾಲೀಕ ಹೆಗಲ ಮೇಲಿನ ಬಟ್ಟೆ ತೆಗೆದು ಮೂಲೆ ಟೇಬಲ್ ಒರೆಸುತ್ತಾನೆ. ಮಾತಿಲ್ಲ, ಅಲ್ಲಿಗೆ ಲೈಟ್ ಆಫ್.

ಅಜ್ಜನ ಪಾರ್ಟು ಮಾಡಲು ಅಪ್ಪ ಒಪ್ಪಿಕೊಂಡಿದ್ದಾರೆ. ಮಾಲೀಕನ ಪಾರ್ಟು ಚಿಕ್ಕಪ್ಪನ ಮಗನದು. ಸೋಮವಾರದಿಂದ ರಾತ್ರಿ ಒಂಬತ್ತೂವರೆಗೆ ಮೇಲಿನ ಹಾಲಿನಲ್ಲಿ ರಿಹರ್ಸಲ್. ಈರುಳ್ಳಿ ಮೂಟೆ ಎಲ್ಲ ಕೆಳಗಿಳಿಸಿದ್ದೇವೆ. ತುಮಕೂರಿನ ಸುತ್ತಮುತ್ತ ಯಾರ ಹತ್ತಿರವಾದರೂ ಹಳೇ ಕಾಲದ ಮರದ ಗಲ್ಲಾ ಪೆಟ್ಟಿಗೆ ಇದ್ದರೆ ದಯವಿಟ್ಟು ಹೇಳಿ. ಮೇಲೆ ದುಡ್ಡು ಹಾಕುವ ಸಂದು ಇರುತ್ತದಲ್ಲ, ಅಂಥದ್ದು. ಎರಡು ವಾರಕ್ಕೆ ಬೇಕು, ಜೋಪಾನವಾಗಿ ವಾಪಸ್ ಕೊಡುತ್ತೇನೆ.